ಇಂದಿನ ಚಿಂತನೆ: ಸ್ವಾತಂತ್ರ್ಯದ ಹಾಡು ಬರೆದ ವಕೀಲ



ಅಮೆರಿಕದ ರಾಷ್ಟ್ರಗೀತೆಯಲ್ಲಿ ನಮ್ಮ ಶ್ರೀರಂಗಪಟ್ಟಣದ ಒಂದು ಕಿಡಿ ಇದೆ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಬ್ರಿಟಿಷರು ಮೈಸೂರು ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಅವುಗಳ ಜಾಡಿನಲ್ಲೇ ಕಾಂಗ್ರೀವ್ ಎಂಬಾತ ಹೊಸ ರಾಕೆಟ್ ಮಾಡಿದ. 1814ರ ಸೆಪ್ಟೆಂಬರ್‌ನಲ್ಲಿ ಅವು ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದವು.

ಬ್ರಿಟಿಷರ ಸೆರೆಯಲ್ಲಿದ್ದ ಒಬ್ಬ ವೈದ್ಯನನ್ನು ಬಿಡಿಸಲು ಹೋಗಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಹಡಗಿನಿಂದ ಅದನ್ನು ಕಂಡ. ಬೆಳಗಾದಾಗ ಕೋಟೆಯ ಬಾವುಟ ಇನ್ನೂ ಹಾರುತ್ತಿತ್ತು. ಆ ಸಂತೋಷದಲ್ಲಿ ಹಾಡು ಹುಟ್ಟಿತು. ಅದರಲ್ಲಿ ರಾಕೆಟ್ ಬೆಳಕೂ ಇದೆ, ಸ್ವಾತಂತ್ರ್ಯದ ಹೊಗಳಿಕೆಯೂ ಇದೆ.

ಕೀ 1779ರಲ್ಲಿ ಮೇರಿಲ್ಯಾಂಡ್‌ನ ಜಮೀನ್ದಾರಿ ಮನೆಯಲ್ಲಿ ಹುಟ್ಟಿದವನು. ಗುಲಾಮರ ದುಡಿಮೆಯಲ್ಲಿ ಬೆಳೆದ, ತಾನೂ ಗುಲಾಮರನ್ನು ಇಟ್ಟುಕೊಂಡ. ಬರೀ ಕೆಟ್ಟವನೆಂದು ತಳ್ಳುವಂತಿಲ್ಲ. ಬಿಡುಗಡೆ ಕೇಳಿ ಕೋರ್ಟಿಗೆ ಬಂದ ಕೆಲವು ಗುಲಾಮರ ಪರ ಫೀಸಿಲ್ಲದೆ ವಾದಿಸಿದ. ತನ್ನವರಲ್ಲೂ ಕೆಲವರನ್ನು ಬಿಡುಗಡೆ ಮಾಡಿದ. ಆದರೆ ಬಿಡುಗಡೆಯಾದ ಕಪ್ಪು ಜನರನ್ನು ಆಫ್ರಿಕಕ್ಕೆ ಕಳಿಸಲು 1816ರಲ್ಲಿ ಸಂಘ ಕಟ್ಟಿದವರಲ್ಲಿ ಇವನೂ ಒಬ್ಬ. ಗುಲಾಮನಾಗಿ ಬೇಡ, ಸರಿ; ನೆರೆಮನೆಯವನಾಗಿಯೂ ಬೇಡ! ಊರಾಚೆಯ ಕೇರಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದೆ ವಾಷಿಂಗ್ಟನ್‌ನ ಸರ್ಕಾರಿ ವಕೀಲನಾದ. ಗುಲಾಮಗಿರಿ ವಿರೋಧಿ ಪತ್ರಿಕೆಗಳನ್ನು ಇಟ್ಟುಕೊಂಡಿದ್ದ ರೂಬೆನ್ ಕ್ರಾಂಡಲ್ ಎಂಬ ವೈದ್ಯನ ಮೇಲೆ 1836ರಲ್ಲಿ ಕೇಸು ನಡೆಸಿದ. ಜ್ಯೂರಿ ನಿರ್ದೋಷಿ ಎಂದಿತು. ಅಷ್ಟರಲ್ಲಿ ತಿಂಗಳುಗಟ್ಟಲೆ ಜೈಲಾಗಿತ್ತು. ಕ್ರಾಂಡಲ್ 1838ರಲ್ಲಿ ಕ್ಷಯದಿಂದ ತೀರಿಕೊಂಡ.

1843ರಲ್ಲಿ ಕೀ ಸಾಯುವಾಗಲೂ ಅವನ ಬಳಿ ಗುಲಾಮರಿದ್ದರು. ಹಾಡು 1931ರಲ್ಲಿ ರಾಷ್ಟ್ರಗೀತೆಯಾಯಿತು.