ಮಾಂಸ ಒಳ್ಳೆಯದೋ ಕೆಟ್ಟದ್ದೋ? ಇಲಿಗಳಿಗೆ ನಮ್ಮ ಊಟ ಬಡಿಸಿ ನೋಡಿದ ಡಾಕ್ಟರ್ ಮೆಕ್‌ಕ್ಯಾರಿಸನ್

ಮಟನ್ ತಿಂದರೆ ಕ್ಯಾನ್ಸರ್ ಗ್ಯಾರಂಟಿ ಎಂದು ಒಂದು ಫಾರ್ವರ್ಡ್. ಮಾಂಸ ತಿನ್ನದಿದ್ದರೆ ಮೈಗೆ ಶಕ್ತಿಯೇ ಇಲ್ಲ ಎಂದು ಇನ್ನೊಂದು. ಸಾಸ್ವೆಹಳ್ಳಿಯಂಥ ಊರಿನಲ್ಲಿ ಈ ಅನುಮಾನ ಬಂದರೆ ನಾವು ಕೇಳುವುದು ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ. ಆದರೆ ಅವರೂ ಒಂದು ಮನೆಯ ಅಡುಗೆ ಉಂಡು ಬೆಳೆದವರೇ. ಆ ರೂಢಿಯನ್ನು ಪಕ್ಕಕ್ಕಿಟ್ಟು ಸಲಹೆ ಕೊಡುವುದು ಹೇಗೆ? ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಬದುಕಿನಲ್ಲಿ ಉತ್ತರವಿದೆ.

ಅವರು ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನಲ್ಲಿ. ಓದಿದ್ದು ವೈದ್ಯಕೀಯ. 1901ರಲ್ಲಿ ಸರ್ಕಾರಿ ವೈದ್ಯರಾಗಿ ಭಾರತಕ್ಕೆ ಬಂದರು. ಗಿಲ್ಗಿಟ್‌ನಲ್ಲಿ ಗಳಗಂಡ ರೋಗಕ್ಕೆ ಕಾರಣ ಹುಡುಕುವಾಗ, ಅಲ್ಲಿನ ನೀರಿನ ಗಸಿಯನ್ನು ತಾವೇ ಕುಡಿದು ಪರೀಕ್ಷೆ ಮಾಡಿದರು. ಕೇಳಿದ್ದನ್ನು ನಂಬುವ ಜಾಯಮಾನ ಅವರದಲ್ಲ.

ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರದ ಸಂಶೋಧನೆ ಶುರುಮಾಡಿದರು. ದೇಶದ ಬೇರೆ ಬೇರೆ ಕಡೆಯ ಏಳು ಬಗೆಯ ಊಟವನ್ನು ಇಲಿಗಳಿಗೆ ಹಾಕಿ ಬೆಳವಣಿಗೆ ಅಳೆದರು. ಸಿಖ್ಖರ ಊಟ ಮೊದಲು ಬಂತು, ಮದ್ರಾಸಿನದು ಕೊನೆಗೆ. ಕನ್ನಡಿಗರ ಊಟಕ್ಕೆ ಐದನೇ ಸ್ಥಾನ!

ಹಾಗಾದರೆ ಗೆದ್ದದ್ದು ಮಾಂಸವೇ? ಅಲ್ಲ. ಅವರ ಸಿಖ್ ಮಾದರಿಯ ಊಟದಲ್ಲಿದ್ದದ್ದು ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಮೊಳಕೆ ಕಾಳು, ಹಸಿ ತರಕಾರಿ. ತಾಜಾ ಮಾಂಸ ವಾರಕ್ಕೊಮ್ಮೆ ಮಾತ್ರ. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟ ಹಾಕಿದರು: ಬಿಳಿ ಬ್ರೆಡ್, ಮಾರ್ಗರಿನ್, ಜಾಮ್, ಸಕ್ಕರೆ ಚಹಾ, ಬೇಯಿಸಿದ ತರಕಾರಿ, ಡಬ್ಬಿ ಮಾಂಸ. ಆ ಇಲಿಗಳು ಬಡವಾದವು, ರೋಗಕ್ಕೆ ಬಿದ್ದವು, ಒಂದನ್ನೊಂದು ಕಚ್ಚಿ ಕೊಂದವು. ತಮ್ಮದೇ ದೇಶದ ಊಟ ಸೋತದ್ದನ್ನು ಮೆಕ್‌ಕ್ಯಾರಿಸನ್ ಮುಚ್ಚಿಡಲಿಲ್ಲ.

ಗಮನಿಸಿ: ಇಲ್ಲಿ ಸೋತದ್ದು ಇಡೀ ಊಟ. ಡಬ್ಬಿ ಮಾಂಸ ಒಂದೇ ಕಾರಣ ಎನ್ನಲಾಗದು. ಇಲಿಯ ಫಲಿತಾಂಶ ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದೂ ಇಲ್ಲ.

1935ರಲ್ಲಿ ನಿವೃತ್ತರಾದ ಅವರು 1960ರಲ್ಲಿ ತೀರಿಕೊಂಡರು. ಅವರ ಪ್ರಯೋಗಾಲಯವೇ ಹೈದರಾಬಾದಿನ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಮನುಷ್ಯರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ, 2015ರಲ್ಲಿ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣ ಎಂದಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಹೆಚ್ಚು. ಅಂದರೆ ನೂರರಲ್ಲಿ ಹದಿನೆಂಟು ಜನರಿಗೆ ಬರುತ್ತದೆ ಎಂದಲ್ಲ. ಮೊದಲೇ ಇದ್ದ ಅಪಾಯ ಅಷ್ಟು ಏರುತ್ತದೆ ಎಂದು. ಕುರಿ, ಮೇಕೆ, ದನ, ಹಂದಿಯ ಕೆಂಪು ಮಾಂಸವನ್ನು ಬಹುಶಃ ಕಾರಣ ಎಂಬ ಪಟ್ಟಿಗೆ ಸೇರಿಸಿತು. ಅದೇ ಮಾಂಸದಲ್ಲಿ ಮೈಗೆ ಸುಲಭವಾಗಿ ಹತ್ತುವ ಕಬ್ಬಿಣಾಂಶವೂ ಇದೆ.

ಆದ್ದರಿಂದ ನರ್ಸಮ್ಮನನ್ನು ಮಾಂಸ ತಿನ್ನಬಹುದಾ ಎಂದಷ್ಟೇ ಕೇಳಬೇಡಿ. ಯಾವ ಮಾಂಸ, ಎಷ್ಟು, ಜೊತೆಗೆ ಏನು ಎಂದು ಕೇಳಿ. ಫಾರ್ವರ್ಡ್ ಒತ್ತುವ ಮುಂಚೆಯೂ ಅದನ್ನೇ ನೋಡಿ.