ಎರಡು ಕನ್ನಡಕದ ಕಾಟ ಕಳೆದ ಫ್ರಾಂಕ್ಲಿನ್: ಹಿರಿಯರ ಫೋನಿಗೂ ಇಲ್ಲಿದೆ ಪಾಠ

ಅಮೆರಿಕದ 100 ಡಾಲರ್ ನೋಟಿನ ಮೇಲಿರುವ ಬೆಂಜಮಿನ್ ಫ್ರಾಂಕ್ಲಿನ್ ಆ ದೇಶದ ಅಧ್ಯಕ್ಷರಾಗಿದ್ದರು ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ತಪ್ಪು. ಅವರು ಮುದ್ರಕ, ವಿಜ್ಞಾನಿ, ರಾಜತಾಂತ್ರಿಕ. ಮಿಂಚು ಮತ್ತು ಗಾಳಿಪಟದ ಪ್ರಯೋಗದಿಂದ ಎಲ್ಲರಿಗೂ ಪರಿಚಿತರು. ಆದರೆ ವಯಸ್ಸಾದ ಮೇಲೆ ಅವರು ಮಾಡಿದ ಕೆಲಸ ನಮ್ಮ ಮನೆಯ ಅಜ್ಜ ಅಜ್ಜಿಯರ ಕೈಯಲ್ಲಿರುವ ಸ್ಮಾರ್ಟ್‌ಫೋನಿಗೆ ಇನ್ನೂ ಹತ್ತಿರದ್ದು.

ಅಚ್ಚುಮೊಳೆ ಜೋಡಿಸಿದ ಹುಡುಗ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್‌ನಲ್ಲಿ. ತಂದೆ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದರು. ಶಾಲೆ 10ನೇ ವಯಸ್ಸಿಗೇ ನಿಂತುಹೋಯಿತು. 12ನೇ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯ ಸೇರಿದ ಹುಡುಗ, 17ಕ್ಕೆ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿ ಮುಂದೆ ಸ್ವಂತ ಮುದ್ರಣಾಲಯ ನಡೆಸಿದ. ಓದುವವರ ಕಣ್ಣಿಗೆ ಅಕ್ಷರ ಹೇಗೆ ಕಾಣಬೇಕು ಎಂಬುದು ಅವರಿಗೆ ದಿನನಿತ್ಯದ ಕಸುಬಾಗಿತ್ತು.

ನಂತರ ಅಂಚೆ ಇಲಾಖೆಯ ಹೊಣೆ ಬಂತು. ಇಂಗ್ಲೆಂಡಿನಿಂದ ಬರುವ ಅಂಚೆ ಹಡಗುಗಳು ವ್ಯಾಪಾರಿ ಹಡಗುಗಳಿಗಿಂತ ಏಕೆ ತಡವಾಗುತ್ತಿವೆ ಎಂದು ಅವರು ತಿಮಿಂಗಿಲ ಬೇಟೆಗಾರ ಕ್ಯಾಪ್ಟನ್ ಆಗಿದ್ದ ಬಂಧು ಟಿಮೊತಿ ಫೋಲ್ಜರ್ ಅವರನ್ನು ಕೇಳಿದರು. ಎದುರು ಹರಿಯುವ ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹವೇ ಕಾರಣ ಎಂದು ತಿಳಿಯಿತು. ಫ್ರಾಂಕ್ಲಿನ್ ಅದರ ಹಾದಿಯನ್ನು ನಕ್ಷೆಯ ಮೇಲೆ ಬರೆಯಿಸಿ ಅಚ್ಚು ಹಾಕಿಸಿದರು. ನಾವಿಕರ ಬಾಯಿಮಾತಿನಲ್ಲಿದ್ದ ಮಾಹಿತಿ ಒಂದೇ ನೋಟಕ್ಕೆ ಸಿಗುವ ಚಿತ್ರವಾಯಿತು.

ಎರಡು ಗಾಜು, ಒಂದೇ ಚೌಕಟ್ಟು

1776ರ ಕೊನೆಯಲ್ಲಿ, 70ರ ವಯಸ್ಸಿನಲ್ಲಿ, ಅವರು ರಾಯಭಾರಿಯಾಗಿ ಫ್ರಾನ್ಸಿಗೆ ಹೋದರು. ಅಷ್ಟರಲ್ಲಿ ಅವರಿಗೆ ದೂರಕ್ಕೊಂದು, ಓದಲಿಕ್ಕೊಂದು ಕನ್ನಡಕ ಬೇಕಿತ್ತು. ಪದೇ ಪದೇ ಬದಲಿಸುವುದೇ ತಲೆನೋವು. ಕೊನೆಗೆ ಎರಡೂ ಬಗೆಯ ಗಾಜನ್ನು ಅರ್ಧರ್ಧ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಕೂರಿಸಿದರು. ಮೇಲಿನ ಅರ್ಧ ದೂರಕ್ಕೆ, ಕೆಳಗಿನ ಅರ್ಧ ಹತ್ತಿರಕ್ಕೆ. ಇದೇ ಇಂದಿನ ಬೈಫೋಕಲ್.

1785ರಲ್ಲಿ ಗೆಳೆಯರಿಗೆ ಬರೆದ ಪತ್ರದಲ್ಲಿ ಅವರು ಇದರ ಉಪಯೋಗ ವಿವರಿಸಿದ್ದಾರೆ. ಊಟದ ಮೇಜಿನಲ್ಲಿ ತಟ್ಟೆಯೂ ಕಾಣುತ್ತದೆ, ಎದುರು ಕೂತವರ ಮುಖವೂ ಕಾಣುತ್ತದೆ. ಮಾತಾಡುವವರ ಮುಖಭಾವ ಕಂಡರೆ ಫ್ರೆಂಚ್ ಭಾಷೆಯೂ ಸುಲಭವಾಗಿ ಅರ್ಥವಾಗುತ್ತದೆ! ಇಂಥ ಕನ್ನಡಕ ಮೊದಲು ಮಾಡಿದವರು ಅವರೇನಾ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರು ಬಳಸಿದ್ದು ಮತ್ತು ಅದರಿಂದ ಅದು ಹೆಸರಾದದ್ದು ಮಾತ್ರ ನಿಜ.

1785ರಲ್ಲೇ ಅವರು ಊರಿಗೆ ಮರಳಿದರು. ಗೌಟ್ ಮತ್ತು ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದರು. ಎತ್ತರದ ಕಪಾಟಿನ ಪುಸ್ತಕ ತೆಗೆಯಲು ಏಣಿ ಹತ್ತಿದರೆ ವಯಸ್ಸಾದವರಿಗೆ ತಲೆ ಸುತ್ತುವ ಅಪಾಯವಿದೆ ಎಂದು 1786ರಲ್ಲಿ 8 ಅಡಿ ಉದ್ದದ ಪೈನ್ ಮರದ ಕೋಲು ಮಾಡಿಕೊಂಡರು. ತುದಿಯಲ್ಲಿ ಮರದ ಎರಡು ಬೆರಳು. ಹುರಿ ಎಳೆದರೆ ಅವು ಪುಸ್ತಕವನ್ನು ಹಿಡಿಯುತ್ತಿದ್ದವು.

ಅವರು ತಮ್ಮ ಯಾವ ಆವಿಷ್ಕಾರಕ್ಕೂ ಪೇಟೆಂಟ್ ಪಡೆಯಲಿಲ್ಲ. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಕನ್ನಡಕ ಹಾಕಿದರೆ ಕಣ್ಣು ಕೆಡುತ್ತದೆಯೇ?

ಇಲ್ಲ. 40 ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗುತ್ತಾ ಹೋಗುತ್ತದೆ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದನ್ನೇ ಚಾಳೀಸು ಎನ್ನುತ್ತೇವೆ. ಕನ್ನಡಕ ಹಾಕಿದರೂ ಹಾಕದಿದ್ದರೂ ವಯಸ್ಸಿನೊಂದಿಗೆ ಇದು ಹೆಚ್ಚುತ್ತದೆ. ಜೊತೆಗೆ ಮಸೂರ ಹಳದಿಗಟ್ಟುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಹಾಗಾಗಿ ಬಿಳಿಯ ಮೇಲಿನ ತೆಳು ಬೂದು ಅಕ್ಷರ, ಒಂದಕ್ಕೊಂದು ಹತ್ತಿರವಿರುವ ನೀಲಿ ಛಾಯೆಗಳು ಹಿರಿಯರಿಗೆ ಕಷ್ಟ.

ಈಗ ಫೋನಿನ ವಿಷಯ

ವಯಸ್ಸಾದವರಿಗೆ ಫೋನ್ ಬಳಸಲು ಬರುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆಪ್ ಅಥವಾ ಚಿತ್ರ ಅವರ ಕಣ್ಣಿಗೆ ತಕ್ಕಂತೆ ಇದೆಯೇ ಎಂದು ಮೊದಲು ನೋಡಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಲಿ, ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಲು ಬರಲಿ, ಬಣ್ಣವೊಂದರಿಂದಲೇ ಅರ್ಥ ಹೇಳಬೇಡಿ ಎಂದು ವೆಬ್ ವಿನ್ಯಾಸದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಸಕ್ಕರೆ ಕಾಯಿಲೆಯ ಆಪ್‌ನಲ್ಲಿ ಬರುವ ಗ್ರಾಫನ್ನೇ ನೋಡಿ. ಯಾವ ಬಣ್ಣ ಯಾವುದಕ್ಕೆ ಎಂಬ ಪಟ್ಟಿ ಮೂಲೆಯಲ್ಲಿದ್ದರೆ ಕಣ್ಣು ಅಲ್ಲಿಗೂ ಇಲ್ಲಿಗೂ ಓಡಾಡಬೇಕು. ಎರಡು ಕನ್ನಡಕ ಬದಲಿಸುವ ಕಾಟವೇ ಇದು. ಊಟಕ್ಕೆ ಮುಂಚೆ, ಊಟದ ನಂತರ ಎಂದು ಗೆರೆಯ ಪಕ್ಕದಲ್ಲೇ ದೊಡ್ಡದಾಗಿ ಬರೆದರೆ ಆ ಓಡಾಟ ತಪ್ಪುತ್ತದೆ. ತಪ್ಪು ಗೆರೆ ಓದಿ ಮಾತ್ರೆಯ ವಿಷಯದಲ್ಲಿ ಎಡವಟ್ಟಾಗುವ ಅಪಾಯವೂ ಕಡಿಮೆಯಾಗುತ್ತದೆ.

ನಾವೇ ಮಾಡಬಹುದಾದದ್ದು ಎರಡಿದೆ. ಮನೆಯ ಹಿರಿಯರ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಸಾಕು ಎನ್ನುವವರೆಗೆ ಅಕ್ಷರ ದೊಡ್ಡದು ಮಾಡಿಕೊಡೋಣ. ಎರಡನೆಯದು ಫಾರ್ವರ್ಡ್ ಕುರಿತು. ಚಿತ್ರದೊಳಗೆ ಬರೆದ ಅಕ್ಷರ ಈ ಸೆಟ್ಟಿಂಗ್‌ನಿಂದ ದೊಡ್ಡದಾಗುವುದಿಲ್ಲ. ಆದ್ದರಿಂದ ಮುಖ್ಯ ಮಾಹಿತಿಯನ್ನು ಪೋಸ್ಟರ್ ಬದಲು ಮಾಮೂಲಿ ಬರಹದಲ್ಲೇ ಕಳುಹಿಸೋಣ.