ಹೊರೆ ಹೊತ್ತವನೇ ಶಿಖರ ಮುಟ್ಟಿದಾಗ

ಗುಂಡಗುರ್ತಿಯ ಬ್ಯಾಸಿಗಿ ಉಂಡವರಿಗೆ ಹಿಮಾಲಯದ ಹುಚ್ಚು ಹಿಡಿಯೋದು ಸಹಜವೇ. ನಮ್ಮೂರ ಸುತ್ತ ತೊಗರಿ ಹೊಲ, ಅದರಾಚೆ ಶಹಾಬಾದ್ ಕಲ್ಲಿನ ಗಣಿ, ವಾಡಿಯ ಸಿಮೆಂಟ್ ಧೂಳು. ಹೋದ ವರ್ಷ ಮೇ ತಿಂಗಳಲ್ಲಿ ಗೆಳೆಯರ ಜೊತೆ ಉತ್ತರಾಖಂಡದ ಚಂದ್ರಶಿಲಾ ಹತ್ತಿದೆ. ಮೂರೂವರೆ ಸಾವಿರ ಮೀಟರ್ ದಾಟಿದ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತಿದ್ದೆ. ನನ್ನ ಬ್ಯಾಗು ಹೊತ್ತ ಯುವಕ ಮಾತ್ರ ಮಾತಾಡುತ್ತಲೇ ನಡೀತಿದ್ದ. ತುದಿಯಲ್ಲಿ ತೆಗೆದ ಯಾವ ಫೋಟೊದಲ್ಲೂ ಅವನಿಲ್ಲ. ಯಾಕಂದ್ರೆ ಫೋಟೊ ತೆಗೆದವನೇ ಅವನು.

ಊರಿಗೆ ಬಂದ ಮೇಲೆ ತೇನ್ಸಿಂಗ್ ನೋರ್ಗೆಯ ಬದುಕನ್ನು ಹುಡುಕಿ ಓದಿದೆ. ಶಾಲೆಯಲ್ಲಿ ನಮಗೆ ಆ ಹೆಸರು ಸಾಮಾನ್ಯ ಜ್ಞಾನದ ಒಂದು ಅಂಕ, ಅಷ್ಟೇ.

1914ರಲ್ಲಿ ಯಾಕ್ ಮೇಯಿಸುವ ಬಡ ಕುಟುಂಬದಲ್ಲಿ ಹುಟ್ಟಿದ ಆತನಿಗೆ ತನ್ನ ಜನ್ಮದಿನ ಯಾವುದೆಂದು ಗೊತ್ತಿರಲಿಲ್ಲ. ಓದು-ಬರಹವೂ ದಕ್ಕಲಿಲ್ಲ. ಹದಿಹರೆಯದಲ್ಲಿ ಕೆಲಸ ಹುಡುಕಿಕೊಂಡು ಡಾರ್ಜಿಲಿಂಗ್‌ಗೆ ಓಡಿಬಂದ. ನಮ್ಮ ಕಡಿ ಹುಡುಗರು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗ್ತಾರಲ್ಲ, ಹಂಗೇ. 1935ರಲ್ಲಿ ಎರಿಕ್ ಶಿಪ್ಟನ್ ತಂಡಕ್ಕೆ ಹೊರೆಯಾಳಾಗಿ ಆಯ್ಕೆಯಾದ. 1936, 1938ರಲ್ಲೂ ಎವರೆಸ್ಟ್‌ಗೆ ಹೋದ. ಸಾಹೇಬರು ಬದಲಾದರು, ಆತ ಮತ್ತೆ ಮತ್ತೆ ಹೊತ್ತ.

1944ರಲ್ಲಿ ಮೊದಲ ಹೆಂಡತಿ ತೀರಿಕೊಂಡಳು, ಎರಡು ಹೆಣ್ಣುಮಕ್ಕಳ ಹೊಣೆ ಆತನ ಮೇಲೆ ಬಿತ್ತು. 1947ರಲ್ಲಿ ಇನ್ನೊಂದು ಪ್ರಯತ್ನ, ಅದೂ ವಿಫಲ. 1952ರಲ್ಲಿ ಸ್ವಿಸ್ ತಂಡ ಆತನನ್ನು ಕೂಲಿಯಾಗಿ ಅಲ್ಲ, ತಂಡದ ಸದಸ್ಯನಾಗಿಯೇ ಸೇರಿಸಿಕೊಂಡಿತು. ರೇಮಂಡ್ ಲ್ಯಾಂಬರ್ಟ್ ಜೊತೆ ಸುಮಾರು 8,600 ಮೀಟರ್‌ವರೆಗೆ ಹೋಗಿ ಹಿಂದಿರುಗಿದ. ಅದೇ ವರ್ಷ ಮತ್ತೊಮ್ಮೆ ಹೋಗಿ, ಮತ್ತೆ ವಾಪಸಾದ.

1953ರದ್ದು ಏಳನೇ ಸಲ. ಆ ಬ್ರಿಟಿಷ್ ತಂಡದ ಸಾಮಾನು ಹೊರಲು 350ಕ್ಕೂ ಹೆಚ್ಚು ಹೊರೆಯಾಳುಗಳಿದ್ದರು. ಕಠ್ಮಂಡುವಿನಲ್ಲಿ ಸಾಹೇಬರಿಗೆ ರಾಯಭಾರ ಕಚೇರಿಯ ಕೋಣೆ, ಶೆರ್ಪಾಗಳಿಗೆ ಶೌಚಾಲಯವೂ ಇಲ್ಲದ ಗ್ಯಾರೇಜು. ಮರುದಿನ ಬೆಳಿಗ್ಗೆ ಶೆರ್ಪಾಗಳು ಅದೇ ಕಚೇರಿಯ ಮುಂದಿನ ರಸ್ತೆಯಲ್ಲಿ ಮೂತ್ರ ಮಾಡಿ ಪ್ರತಿಭಟಿಸಿದರು. ಎವರೆಸ್ಟ್ ಕಥೆ ಹೇಳುವಾಗ ನಮ್ಮ ಮೇಷ್ಟ್ರು ಇದನ್ನು ಹೇಳಲೇ ಇಲ್ಲ!

ಮೇ 26ರಂದು ತಂಡದ ಮೊದಲ ಜೋಡಿ ದಕ್ಷಿಣ ಶಿಖರದವರೆಗೆ ಹೋಗಿ ಹಿಂದಿರುಗಿತು. ಮೇ 29ರ ಬೆಳಿಗ್ಗೆ ಎಡ್ಮಂಡ್ ಹಿಲರಿಯ ಬೂಟು ಹೆಪ್ಪುಗಟ್ಟಿ, ಸ್ಟೌ ಮೇಲೆ ಕಾಯಿಸಬೇಕಾಯಿತು. 11.30ಕ್ಕೆ ಇಬ್ಬರೂ ತುದಿ ಮುಟ್ಟಿದರು. ನಮ್ಮೂರಲ್ಲಿ ನೆರಳು ಹುಡುಕುವ ಹೊತ್ತದು. ಅಲ್ಲಿದ್ದದ್ದು ಹದಿನೈದೇ ನಿಮಿಷ. ಮಗಳು ಕೊಟ್ಟಿದ್ದ ಪೆನ್ಸಿಲನ್ನು ತೇನ್ಸಿಂಗ್ ಹಿಮದಲ್ಲಿ ಹೂತಿಟ್ಟ. ಹಿಲರಿ ಫೋಟೊ ತೆಗೆದ. ಹಾಗಾಗಿ ಜಗತ್ತು ಇವತ್ತಿಗೂ ನೋಡುವ ಆ ಶಿಖರದ ಚಿತ್ರದಲ್ಲಿ ನಿಂತಿರೋದು ಹೊರೆಯಾಳಾಗಿ ಬಂದವನೇ.

ಕೆಳಗಿಳಿದ ಮೇಲೆ ರಾಜಕೀಯ ಶುರುವಾಯಿತು. ಹಿಲರಿ ಮತ್ತು ನಾಯಕ ಜಾನ್ ಹಂಟ್‌ಗೆ ಸರ್ ಪದವಿ, ತೇನ್ಸಿಂಗ್‌ಗೆ ಜಾರ್ಜ್ ಪದಕ. ನೇಪಾಳ, ಭಾರತ ಎರಡೂ ಆತ ತಮ್ಮವನೆಂದು ಜಗ್ಗಾಡಿದವು. ಮೊದಲು ಹೆಜ್ಜೆ ಇಟ್ಟವರು ಯಾರು ಅನ್ನೋ ಜಗಳ ಎದ್ದಾಗ, 1955ರ ತನ್ನ ಆತ್ಮಕಥೆಯಲ್ಲಿ ಆತ ಹಿಲರಿಯೇ ಮೊದಲೆಂದು ಒಪ್ಪಿಕೊಂಡು ವಿವಾದ ಮುಗಿಸಿದ. ರಾಷ್ಟ್ರಗೌರವದ ಹೆಸರಲ್ಲಿ ಸುಳ್ಳು ಹೇಳುವುದು ಆತನಿಗೆ ಸುಲಭವಿತ್ತು, ಹೇಳಲಿಲ್ಲ.

1954ರಲ್ಲಿ ಡಾರ್ಜಿಲಿಂಗ್‌ನಲ್ಲಿ ಪರ್ವತಾರೋಹಣ ಸಂಸ್ಥೆ ಆರಂಭವಾದಾಗ ತೇನ್ಸಿಂಗ್ ಅದರ ಕ್ಷೇತ್ರ ತರಬೇತಿ ನಿರ್ದೇಶಕನಾದ. ಅಕ್ಷರ ಬಾರದವನು ಮೇಷ್ಟ್ರಾದ. 1959ರಲ್ಲಿ ಪದ್ಮಭೂಷಣ ಬಂತು. ಮೇ 29ನ್ನೇ ತನ್ನ ಹುಟ್ಟುಹಬ್ಬ ಮಾಡಿಕೊಂಡಿದ್ದ ಆತ, 1986ರ ಮೇ 9ರಂದು ತೀರಿಕೊಂಡ.

ನನ್ನ ಸೋದರಮಾವ ಇಪ್ಪತ್ತು ವರ್ಷ ಲಾರಿಗೆ ಕಲ್ಲು ಹೇರಿದ. ಆ ಕಲ್ಲು ಹಾಸಿದ ಅಂಗಳಗಳಲ್ಲಿ ಮನೆ ಮಾಲೀಕನ ಹೆಸರಿರ್ತದ, ಕಟ್ಟಿದ ಕಂತ್ರಾಟುದಾರನ ಹೆಸರಿರ್ತದ. ಹೊತ್ತವನ ಹೆಸರು ಎಲ್ಲೂ ಇಲ್ಲ. ತೇನ್ಸಿಂಗ್‌ನ ಹೆಸರು ಉಳಿದದ್ದು ಆತ ತುದಿ ಮುಟ್ಟಿದ್ದಕ್ಕೆ. ಉಳಿದ 350 ಮಂದಿಯ ಹೆಸರು ನನಗೂ ಗೊತ್ತಿಲ್ಲ. ಚಂದ್ರಶಿಲಾದಲ್ಲಿ ನನ್ನ ಬ್ಯಾಗು ಹೊತ್ತವನ ಹೆಸರನ್ನೂ ನಾನು ಕೇಳಲಿಲ್ಲ.